ಮೂಗಿನ ಉಸಿರೂ ನಮ್ಮ ಸೀಮೆಯ ಧೂಳೂ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದು ತಾಲ್ಲೂಕುಗಳ ವಾಚಕರಿಗೆ ಧೂಳಿನ ಪರಿಚಯವನ್ನು ಮಾಡಿಕೊಡಬೇಕಾದ ಅಗತ್ಯವಿಲ್ಲ. ಮೆಕ್ಕೆಜೋಳದ ಒಕ್ಕಣೆಯ ಕಾಲದಲ್ಲಿ ಯಂತ್ರದ ಬಾಯಿಂದ ಹಾರುವ ಹೊಟ್ಟು, ಬೇಸಗೆಯಲ್ಲಿ ಕೆಂಪು ಮಣ್ಣನ್ನು ಹೊತ್ತು ಬರುವ ಗಾಳಿ, ಕಲ್ಲಿನ ಕ್ರಷರುಗಳ ಪಕ್ಕದ ದಾರಿ, ಕೊಟ್ಟೂರಿನ ತೇರಿಗೆಂದು ನಡೆದುಹೋಗುವ ಭಕ್ತಸಮೂಹದ ಪಾದಧೂಳಿ, ಇವೆಲ್ಲವೂ ನಮ್ಮ ಉಸಿರಿನ ದಾರಿಯಲ್ಲಿಯೇ ಇವೆ. ಸ್ವಸ್ಥನಾದ ಮನುಷ್ಯನು ದಿನವೊಂದಕ್ಕೆ ಸುಮಾರು 10,000 ಲೀಟರಿನಷ್ಟು ಗಾಳಿಯನ್ನು ಒಳಗೆಳೆದುಕೊಳ್ಳುತ್ತಾನೆ. ಅಷ್ಟನ್ನೂ ಸೋಸಿಕೊಡುವ ಅವಯವದ ವಿಷಯವಾಗಿ ನಾವು ತಿಳಿದಿರುವುದಾದರೋ, ಶೂರ್ಪನಖಿಯದನ್ನು ಲಕ್ಷ್ಮಣನು ಕೊಯ್ದನು, ಮದುವಣಗಿತ್ತಿಯದಕ್ಕೆ ನತ್ತು ಇಡುತ್ತಾರೆ ಎಂಬಷ್ಟೇ!

ಕಲಾವಿಭಾಗದ ವಿದ್ಯಾರ್ಥಿಯಾದ ನಾನು ವೈದ್ಯನಲ್ಲ. ಓದಿ ಕೇಳಿ ತಿಳಿದುದನ್ನು ಸಂಗ್ರಹವಾಗಿ ಹೇಳುತ್ತೇನೆ. ಹೊಳ್ಳೆಗಳ ಕೂದಲು ದೊಡ್ಡ ಕಣಗಳನ್ನು ಮಾತ್ರ ತಡೆಯುತ್ತದೆ. ನಿಜವಾದ ಕೆಲಸ ನಡೆಯುವುದು ಅದರ ಹಿಂದೆ. ಅಲ್ಲಿ ಒಂದೊಂದು ಕಡೆಗೂ ಮೂರು ಮೂರರಂತೆ ಸುರುಳಿಯಾದ ತೆಳು ಎಲುಬುಗಳಿದ್ದು, ಅವುಗಳಿಗೆ ರಕ್ತನಾಳಗಳಿಂದ ತುಂಬಿದ ಒದ್ದೆ ಪೊರೆಯ ಹೊದಿಕೆಯಿದೆ. ನೆಟ್ಟಗೆ ಹೋಗಲಾರದ ಗಾಳಿಯು ಈ ಸುರುಳಿಗಳನ್ನು ಸವರಿಕೊಂಡು ಸಾಗುವಾಗ ಬೆಚ್ಚಗಾಗಿ, ತೇವಗೊಂಡು, ಮಾಗಿಯ ಮುಂಜಾವಿನಲ್ಲಿಯೂ ಗಂಟಲನ್ನು ಮುಟ್ಟುವ ಹೊತ್ತಿಗೆ ದೇಹದ ಉಷ್ಣತೆಗೆ ಹತ್ತಿರ ಬಂದಿರುತ್ತದೆ. ತಿರುವುಗಳಲ್ಲಿ ಧೂಳು ಪೊರೆಗೆ ಅಂಟಿಕೊಳ್ಳುತ್ತದೆ. ಪೊರೆಯ ಮೇಲಿನ ಕಣ್ಣಿಗೆ ಕಾಣದ ರೋಮಗಳು, ಗಾಳಿಗೆ ಬಾಗುವ ಜೋಳದ ಹೊಲದಂತೆ ಒಂದೇ ದಿಕ್ಕಿಗೆ ಬಡಿಯುತ್ತ, ಧೂಳು ಹಿಡಿದ ಸಿಂಬಳವನ್ನು ಗಂಟಲಿನ ಕಡೆಗೆ ತಳ್ಳುತ್ತವೆ. ನಾವು ಅರಿಯದೆಯೇ ಅದನ್ನು ನುಂಗುತ್ತೇವೆ. ಮುಂದಿನದನ್ನು ಜಠರದ ಆಮ್ಲವು ನೋಡಿಕೊಳ್ಳುತ್ತದೆ. ವೈದ್ಯರು ಮೂಗಿನ ಮುಂಭಾಗದಲ್ಲಿ ಸ್ಯಾಕರಿನ್ನಿನ ಒಂದು ಕಣವನ್ನಿಟ್ಟು ಇದನ್ನು ಪರೀಕ್ಷಿಸುವುದುಂಟು. ಸ್ವಸ್ಥರಿಗೆ ಸಾಮಾನ್ಯವಾಗಿ 20 ನಿಮಿಷಗಳೊಳಗೆ ಗಂಟಲಿನಲ್ಲಿ ಸಿಹಿ ತಿಳಿಯುತ್ತದೆ.

ಇನ್ನೊಂದು ಸಂಗತಿ ಈಚಿನದು. ಮೂಗಿನ ಅಕ್ಕಪಕ್ಕದ ಎಲುಬಿನ ಪೊಳ್ಳುಗಳಲ್ಲಿ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವು ಉತ್ಪತ್ತಿಯಾಗುವುದೆಂದು 1995ರಲ್ಲಿ ಸ್ವೀಡನ್ನಿನ ಸಂಶೋಧಕರು ತೋರಿಸಿದರು. ರಕ್ತನಾಳಗಳನ್ನು ಸಡಿಲಿಸುವ ಇದೇ ಅನಿಲದ ಕುರಿತ ಸಂಶೋಧನೆಗೆ ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಎಂಬ ಮೂವರು 1998ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು. ಮೂಗಿನಿಂದ ಎಳೆದ ಉಸಿರಿನೊಡನೆ ಅದು ಶ್ವಾಸಕೋಶವನ್ನು ಸೇರುತ್ತದೆ. ಬಾಯುಸಿರಿಗೆ ಈ ಪಾಲು ಬಹು ಕಡಮೆ. ಹಾಗೆಂದು ಮೂಗಿನ ಉಸಿರು ಸಕಲ ರೋಗಗಳಿಗೂ ಮದ್ದೆಂದು ಸಾರುವವರನ್ನು ನಾನು ನಂಬಲಾರೆ. ಮೂಗು ಒಮ್ಮೆ ಎಡಕ್ಕೂ ಒಮ್ಮೆ ಬಲಕ್ಕೂ ಕಟ್ಟುತ್ತದೆಯೆಂದು ಚಿಂತಿಸುವ ಗೆಳೆಯರಿಗೆ ಮಾತ್ರ ಒಂದು ಸಮಾಧಾನ: ಪೊರೆಯು ಕೆಲವು ಗಂಟೆಗಳಿಗೊಮ್ಮೆ ಸರದಿಯಂತೆ ಉಬ್ಬಿ ಇಳಿಯುವುದು ಸಹಜ. ಜರ್ಮನಿಯ ಕೈಸರ್ ಎಂಬವರು ಇದನ್ನು 1895ರಲ್ಲಿ ವರ್ಣಿಸಿದರು. ನಮ್ಮ ಯೋಗಿಗಳು ಇಡಾ ಪಿಂಗಳಾ ಎಂದು ಅದಕ್ಕೂ ಬಹು ಹಿಂದೆಯೇ ಹೆಸರಿಟ್ಟಿದ್ದರು.

ಆದರೆ ಈ ದ್ವಾರಪಾಲಕನ ಶಕ್ತಿಗೂ ಮಿತಿಯುಂಟು. ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್. 10 ಮೈಕ್ರಾನಿಗೆ ಮೇಲ್ಪಟ್ಟ ಧೂಳಿನ ಬಹುಪಾಲು ಮೂಗಿನಲ್ಲಿಯೇ ಸಿಕ್ಕಿಬೀಳುತ್ತದೆ. ಕಲ್ಲನ್ನು ಒಡೆದಾಗ ಏಳುವ ಸಿಲಿಕಾದ ನುಣ್ಣನೆಯ ಪುಡಿಯಾದರೋ ಇದಕ್ಕಿಂತ ಸಣ್ಣದಾಗಿದ್ದು, ಶ್ವಾಸಕೋಶದ ತಳವನ್ನು ಸೇರಿ, ವಾಸಿಯಾಗದ ಸಿಲಿಕೋಸಿಸ್ ರೋಗವನ್ನು ತರುತ್ತದೆ. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯ ಕರಡಿಗೆ ಗೆದ್ದಲನ್ನು ಹೀರುವಾಗ ಹೊಳ್ಳೆಗಳನ್ನೇ ಮುಚ್ಚಿಕೊಳ್ಳುವ ವರವಿದೆ, ನಮಗಿಲ್ಲ. ಮುಖಕ್ಕೆ ಸುತ್ತಿದ ಟುವ್ವಾಲು ಕಣದ ಹೊಟ್ಟನ್ನು ಒಂದಿಷ್ಟು ತಡೆದೀತು, ಕಲ್ಲಿನ ಪುಡಿಯನ್ನು ತಡೆಯದು. ಅಲ್ಲಿ ನೀರು ಸಿಂಪಡಿಸಿ ಧೂಳನ್ನು ಅಡಗಿಸುವುದೂ, ತಕ್ಕ ಮಾಸ್ಕನ್ನು ಕೊಡುವುದೂ ಕೆಲಸ ಮಾಡಿಸುವವರ ಕರ್ತವ್ಯ. ಕೂಲಿಕಾರನಿಗೆ ಪ್ರಾಣಾಯಾಮವನ್ನು ಉಪದೇಶಿಸಿ ಕೈತೊಳೆದುಕೊಳ್ಳುವಂತಿಲ್ಲ.

ಈ ಲೇಖನವನ್ನು ಬರೆಯಲು ಮುಖ್ಯ ಕಾರಣವು ಬೇರೆಯೇ ಇದೆ. ನಮ್ಮ ಹಳ್ಳಿಗಳಲ್ಲಿ ಸದಾ ಬಾಯಿ ತೆರೆದುಕೊಂಡಿರುವ ಮಗುವನ್ನು ‘ಮಂಕು’ ಎನ್ನುತ್ತಾರೆ. ನನ್ನ ತಂಗಿಗೂ ಆ ಹೆಸರು ಬಿದ್ದಿತ್ತು. ರಾತ್ರಿ ದೊಡ್ಡವರಂತೆ ಗೊರಕೆ. ಹಗಲು ಕರೆದರೆ ಓಗೊಡಳು. ಶಾಲೆಯಲ್ಲಿ ಗಮನವಿಲ್ಲವೆಂದು ಪೆಟ್ಟು. ಅವ್ವ ಹರಕೆ ಹೊತ್ತಳು. ಕೊನೆಗೆ ಬಳ್ಳಾರಿಗೆ ಕರೆದೊಯ್ದು ಕಿವಿ, ಮೂಗು, ಗಂಟಲಿನ ವೈದ್ಯರಿಗೆ ತೋರಿಸಿದಾಗ, ಮೂಗಿನ ಹಿಂಬದಿಯಲ್ಲಿ, ಕಿರುನಾಲಿಗೆಯ ಮೇಲ್ಗಡೆ, ಅಡಿನಾಯ್ಡ್ ಎಂಬ ಮಾಂಸಲ ಗ್ರಂಥಿಯು ಬೆಳೆದು ದಾರಿಯನ್ನು ಮುಚ್ಚಿದೆಯೆಂದು ತಿಳಿಯಿತು. ಕೋಪನ್‌ಹೇಗನ್ನಿನ ಮೇಯರ್ ಎಂಬ ವೈದ್ಯರು 1868ರಲ್ಲಿಯೇ ಇದನ್ನು ವಿವರಿಸಿದ್ದರು. ಈ ಗ್ರಂಥಿ ಎಲ್ಲ ಮಕ್ಕಳಲ್ಲಿಯೂ ಇದ್ದು, ಹರೆಯ ಬರುವ ಹೊತ್ತಿಗೆ ಕುಗ್ಗುತ್ತದೆ. ಅತಿಯಾಗಿ ಬೆಳೆದರೆ ಕಿವಿಗೂ ಗಂಟಲಿಗೂ ನಡುವಣ ನಾಳವನ್ನು ಅಡ್ಡಗಟ್ಟುತ್ತದೆ, ಕಿವಿಯೊಳಗೆ ದ್ರವ ನಿಂತು ಶ್ರವಣವು ಮಂದವಾಗುತ್ತದೆ, ನಿದ್ದೆ ಕೆಡುತ್ತದೆ, ವರ್ಷಗಟ್ಟಲೆ ಬಾಯುಸಿರಾದರೆ ಅಂಗುಳು ಕಿರಿದಾಗಿ ಹಲ್ಲು ಮುಂದೆ ಬರುವುದೂ ಉಂಟು. ಮಗುವು ಮಂಕಲ್ಲ, ಅದಕ್ಕೆ ಪಾಠವೇ ಕೇಳಿಸುತ್ತಿಲ್ಲ! ತಂಗಿಗೆ ಶಸ್ತ್ರಚಿಕಿತ್ಸೆಯಾಯಿತು. ಮನೆಗೆ ಬಂದ ಮೂರನೆಯ ರಾತ್ರಿ, ಗೊರಕೆ ಕೇಳದೆ ಗಾಬರಿಯಾಗಿ ಅಪ್ಪ ಎರಡು ಸಲ ಎದ್ದು ಅವಳ ಮೂಗಿನ ಹತ್ತಿರ ಕೈ ಹಿಡಿದು ನೋಡಿದ. ಬೆಳಿಗ್ಗೆ, ಮನೆತನದಲ್ಲಿ ಮೊದಲು ಕಾಲೇಜು ಹತ್ತಿದ ನನ್ನನ್ನು ಕೇಳಿದ: “ಇಷ್ಟು ಓದ್ತಿ, ನಿಮ್ ಪುಸ್ತಕದಾಗ ಇದನ್ನ ಯಾರೂ ಬರ್ದಿಲ್ಲೇನಪ್ಪ?”

ಎಲ್ಲ ಮಕ್ಕಳಿಗೂ ಕತ್ತರಿ ಬೇಕಾಗದು. ಕೆಲವರಿಗೆ ಮೂಗಿನ ಔಷಧಿಯೇ ಸಾಕು, ಕೆಲವರಲ್ಲಿ ಕಾದು ನೋಡುತ್ತಾರೆ. ಅದನ್ನು ನಿರ್ಣಯಿಸತಕ್ಕವರು ವೈದ್ಯರು. ಬಾಯಿಗೆ ಪಟ್ಟಿ ಅಂಟಿಸಿ ಮಲಗಿಸುವ ಪ್ರಯೋಗವನ್ನು ಮಕ್ಕಳ ಮೇಲೆ ಯಾರೂ ಮಾಡಬಾರದು. ಮೂಗು ಕಟ್ಟಿದ ಮಗುವಿಗೆ ಉಳಿದಿರುವ ದಾರಿ ಅದೊಂದೇ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯ ತಂಡಗಳು ಅಂಗನವಾಡಿಗಳಿಗೂ ಸರಕಾರಿ ಶಾಲೆಗಳಿಗೂ ಬಂದು ಮಕ್ಕಳನ್ನು ಪರೀಕ್ಷಿಸುತ್ತವೆ. ಆ ದಿನ ಮಗುವನ್ನು ಹೊಲಕ್ಕೆ ಕರೆದೊಯ್ಯದೆ ಶಾಲೆಗೆ ಕಳುಹಿಸಿ, ಮಗು ಗೊರೆಯುತ್ತದೆಯೆ, ಬಾಯಲ್ಲಿ ಉಸಿರಾಡುತ್ತದೆಯೆ, ಹಿಂದಿನಿಂದ ಮೆಲ್ಲಗೆ ಕರೆದರೆ ತಿರುಗುತ್ತದೆಯೆ ಎಂಬುದನ್ನು ತಾಯಿಯೇ ಅವರಿಗೆ ಹೇಳಬೇಕು.