ಹಳೆಯ ಗಾಡಿ ಮಾರುವಾಗ ಕೊಳ್ಳುವವನನ್ನು ಪರೀಕ್ಷಿಸುವ ಬಗೆ



ಅಡಿಕೆ ಕೊಯ್ಲು ಮುಗಿದು, ಮಾಲು ಮಾರುಕಟ್ಟೆ ಸೇರಿ, ಕೈಗೆ ನಾಲ್ಕು ಕಾಸು ಬಂದ ಮೇಲೆ ಹಳೆಯ ಜೀಪನ್ನೋ ಕಾರನ್ನೋ ಮಾರಿ ಬೇರೊಂದನ್ನು ತರುವುದು ನಮ್ಮ ತೋಟಗಾರರಲ್ಲಿ ವಾಡಿಕೆ. ಹಿಂದೆ ಇಂತಹ ಗಾಡಿಗಳು ಪರಿಚಯದ ಮೆಕ್ಯಾನಿಕ್ಕಿನ ಮೂಲಕವೋ ದಲ್ಲಾಳಿಯ ಮೂಲಕವೋ ಕೈ ಬದಲಾಗುತ್ತಿದ್ದವು. ಈಗ ಮನೆಯ ಮಕ್ಕಳು ಮೊಬೈಲಿನಲ್ಲಿ ನಾಲ್ಕು ಚಿತ್ರ ತೆಗೆದು ಓಎಲ್‌ಎಕ್ಸ್‌ನಲ್ಲೋ ಫೇಸ್‌ಬುಕ್ಕಿನಲ್ಲೋ ಹಾಕಿದರೆ ಸಾಕು, ದೇವರಾಯನದುರ್ಗದ ತಪ್ಪಲಿನ ಹಳ್ಳಿಗೂ ದೂರದಿಂದ ಕರೆ ಬರುತ್ತದೆ. ಇದು ದೊಡ್ಡ ಅನುಕೂಲ. ಆದರೆ ಕರೆ ಮಾಡಿದವರೆಲ್ಲ ಗಾಡಿಗಾಗಿಯೇ ಬಂದವರಲ್ಲ. ಮಾರುವವನ ಖಾತೆಯಲ್ಲಿರುವ ಹಣಕ್ಕೆ ಬಲೆ ಬೀಸುವವರೂ ಅವರಲ್ಲಿದ್ದಾರೆ. ಅವರನ್ನು ಗುರುತಿಸುವುದು ಹೇಗೆಂಬುದೇ ಈ ಲೇಖನದ ವಿಷಯ.

ದನದ ಜಾತ್ರೆಯ ಪಾಠ

ಶಿವರಾತ್ರಿಯ ಸುಮಾರಿಗೆ ಸಿದ್ಧಗಂಗೆಯಲ್ಲಿ ಸೇರುವ ದನಗಳ ಜಾತ್ರೆಯನ್ನು ನಮ್ಮಲ್ಲಿ ನೋಡದವರಿಲ್ಲ. ಅಲ್ಲಿ ಎತ್ತು ಕೊಳ್ಳುವವನು ಹಲ್ಲು ಎಣಿಸುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸುತ್ತಾನೆ, ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಚೌಕಾಸಿ ಮಾಡುತ್ತಾನೆ. ಏಕೆ? ಕೊಡುವ ಹಣ ಅವನದು, ಮೋಸ ಹೋದರೆ ನಷ್ಟವೂ ಅವನದು. ಆದ್ದರಿಂದ ಅವನಿಗೆ ಭಯವಿರುತ್ತದೆ.

ಗಾಡಿಯ ವಿಷಯದಲ್ಲೂ ಇದೇ ಮಾತು. ನಿಜವಾದ ಗಿರಾಕಿ ಇಂಜಿನ್ ಶಬ್ದ ಕೇಳಬೇಕೆನ್ನುತ್ತಾನೆ, ಟೈರು ನೋಡುತ್ತಾನೆ, ವಿಮೆಯ ಅವಧಿ ವಿಚಾರಿಸುತ್ತಾನೆ, ಹತ್ತು ಸಾವಿರ ಕಡಿಮೆ ಮಾಡಿ ಎನ್ನುತ್ತಾನೆ. ಗಾಡಿಯನ್ನು ನೋಡದೆ, ದರದಲ್ಲಿ ಒಂದು ರೂಪಾಯಿಯನ್ನೂ ಇಳಿಸದೆ, "ಈಗಲೇ ಮುಂಗಡ ಹಾಕುತ್ತೇನೆ, ಬೇರೆಯವರಿಗೆ ಕೊಡಬೇಡಿ" ಎನ್ನುವವನಿಗೆ ಆ ಭಯವಿಲ್ಲ. ಅವನು ಹಣ ಕೊಡಲು ಬಂದವನೇ ಅಲ್ಲ. ಮುಂದೆ ಹೇಳುವ ಎಲ್ಲ ಬಗೆಯ ಮೋಸಗಳಿಗೂ ಈ ಒಂದು ಪರೀಕ್ಷೆ ಅನ್ವಯಿಸುತ್ತದೆ.

ಸೈನಿಕನ ಸೋಗು

ಬಹಳ ಕಡೆ ನಡೆದಿರುವ ಮೋಸವಿದು. ಕರೆ ಮಾಡಿದವನು ತಾನು ಸೇನೆಯಲ್ಲಿದ್ದೇನೆ, ಇಲ್ಲವೇ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಸಿಐಎಸ್‌ಎಫ್ ಕೆಲಸದಲ್ಲಿದ್ದೇನೆ ಎನ್ನುತ್ತಾನೆ. ಸಮವಸ್ತ್ರದ ಚಿತ್ರ, ಗುರುತಿನ ಚೀಟಿ, ಕ್ಯಾಂಟೀನ್ ಕಾರ್ಡುಗಳನ್ನು ವಾಟ್ಸಾಪಿನಲ್ಲಿ ಕಳಿಸುತ್ತಾನೆ. ಇವು ಬಹುಪಾಲು ಬೇರೊಬ್ಬ ನಿಜವಾದ ಯೋಧನಿಂದ ಕದ್ದ ಕಾಗದಗಳು. ಸೈನಿಕರ ಮೇಲೆ ನಮಗಿರುವ ಗೌರವವೇ ಅವನ ಬಂಡವಾಳ. "ರಜೆ ಇಲ್ಲ, ಗಾಡಿ ಒಯ್ಯಲು ನಮ್ಮ ಟ್ರಕ್ಕು ಬರುತ್ತದೆ" ಎಂಬುದು ಅವನ ಮುಂದಿನ ಮಾತು. ಗಾಡಿ ನೋಡಲು ಬಾರದಿರುವುದಕ್ಕೆ ಇದಕ್ಕಿಂತ ಒಳ್ಳೆಯ ನೆಪ ಸಿಗದು.

ಇದು ಒಬ್ಬಿಬ್ಬರ ಕೈಚಳಕವೆಂದು ತಿಳಿಯಬಾರದು. 2023ರ ಏಪ್ರಿಲ್ ಕೊನೆಯಲ್ಲಿ ಹರಿಯಾಣದ ನೂಹ್ ಜಿಲ್ಲೆಯಲ್ಲಿ ಸುಮಾರು 5,000 ಪೊಲೀಸರು 14 ಹಳ್ಳಿಗಳ ಮೇಲೆ ಒಟ್ಟಿಗೆ ದಾಳಿ ಮಾಡಿ, ಇಂತಹ ವಂಚನೆಗಳ ಆರೋಪದ ಮೇಲೆ 60ಕ್ಕೂ ಹೆಚ್ಚು ಜನರನ್ನು ಬಂಧಿಸಿದರು. ಇದನ್ನು ಕಸುಬಾಗಿಯೇ ಮಾಡಿಕೊಂಡ ತಂಡಗಳಿವೆ.

ಹಣ ಪಡೆಯಲು ಪಿನ್ ಬೇಕಿಲ್ಲ

ಅವನ ಮುಂದಿನ ಹೆಜ್ಜೆ ಹೀಗಿರುತ್ತದೆ. ನಂಬಿಕೆ ಬರಲೆಂದು ಮೊದಲು ಐದೋ ಹತ್ತೋ ರೂಪಾಯಿ ನಿಮ್ಮ ಖಾತೆಗೆ ನಿಜವಾಗಿಯೇ ಹಾಕುತ್ತಾನೆ. ಅನಂತರ ಒಂದು ಕ್ಯೂಆರ್ ಚಿತ್ರ ಕಳಿಸಿ, "ಇದನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿ, ಮುಂಗಡ ಜಮೆಯಾಗುತ್ತದೆ" ಎನ್ನುತ್ತಾನೆ. ಆ ಚಿತ್ರದಲ್ಲಿ ಮೊಬಲಗು ಮೊದಲೇ ತುಂಬಿರುತ್ತದೆ. ಪಿನ್ ಒತ್ತಿದೊಡನೆ ಅಷ್ಟು ಹಣ ನಿಮ್ಮ ಖಾತೆಯಿಂದ ಅವನ ಖಾತೆಗೆ ಹೋಗುತ್ತದೆ. "ತಪ್ಪಾಯಿತು, ವಾಪಸು ಹಾಕುತ್ತೇನೆ" ಎಂದು ಎರಡನೆಯ ಚಿತ್ರ ಕಳಿಸುತ್ತಾನೆ. ಹೀಗೆ ಖಾತೆ ಬರಿದಾಗುವವರೆಗೂ ನಡೆಯುತ್ತದೆ.

ಮನೆಮಂದಿಗೆಲ್ಲ ಬಾಯಿಪಾಠವಾಗಬೇಕಾದ ನಿಯಮ ಒಂದೇ: ಯುಪಿಐನಲ್ಲಿ ಪಿನ್ ಒತ್ತುವುದು ಹಣ ಕೊಡುವುದಕ್ಕೆ ಮತ್ತು ಬಾಕಿ ಎಷ್ಟಿದೆಯೆಂದು ನೋಡುವುದಕ್ಕೆ. ಬರುವ ಹಣಕ್ಕೆ ಪಿನ್ನೂ ಬೇಡ, ಸ್ಕ್ಯಾನೂ ಬೇಡ, ಓಟಿಪಿಯೂ ಬೇಡ. ಒಬ್ಬ ವ್ಯಕ್ತಿ ಇನ್ನೊಬ್ಬನಿಗೆ "ಹಣ ಕೊಡು" ಎಂದು ಯುಪಿಐ ಮೂಲಕ ಕೋರಿಕೆ ಕಳಿಸುವ ಸೌಲಭ್ಯವನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸಲಾಗಿದೆ. ಇದರಿಂದ ಮೋಸದ ಒಂದು ದಾರಿ ಮುಚ್ಚಿತು. ಕ್ಯೂಆರ್ ದಾರಿ ಇನ್ನೂ ತೆರೆದೇ ಇದೆ. ಹಾಗೆಯೇ ವಾಟ್ಸಾಪಿನಲ್ಲಿ ಬಂದ ಯಾವುದೇ ಆ್ಯಪನ್ನು ಮೊಬೈಲಿಗೆ ಇಳಿಸಿಕೊಳ್ಳಬಾರದು. ನಿಮ್ಮ ಮೊಬೈಲಿನ ಪರದೆ ಅವನಿಗೆ ಕಾಣುವಂತೆ ಮಾಡುವ ಆ್ಯಪುಗಳೂ ಇವೆ.

"ಹೆಚ್ಚು ಹಾಕಿಬಿಟ್ಟೆ"

ಇನ್ನೊಬ್ಬನು ಬ್ಯಾಂಕಿನದೆಂದೇ ಕಾಣುವ ಸಂದೇಶ ಕಳಿಸುತ್ತಾನೆ: ನಿಮ್ಮ ಖಾತೆಗೆ 20,000 ರೂಪಾಯಿ ಜಮಾ. ಕೂಡಲೇ ಕರೆ ಬರುತ್ತದೆ: "ಎರಡು ಸಾವಿರ ಹಾಕಲು ಹೋಗಿ ಇಪ್ಪತ್ತು ಸಾವಿರ ಹಾಕಿಬಿಟ್ಟೆ. ಉಳಿದದ್ದು ಕಳಿಸಿಕೊಡಿ ಸಾರ್, ಮಗು ಆಸ್ಪತ್ರೆಯಲ್ಲಿದೆ." ಸಂದೇಶ ಸುಳ್ಳು, ಹಣ ಬಂದೇ ಇರುವುದಿಲ್ಲ. ಹಣ ಕಟ್ಟಿದಂತೆ ತೋರಿಸುವ ಪರದೆಯ ಚಿತ್ರವನ್ನೂ ಹೀಗೆಯೇ ತಯಾರಿಸಬಹುದು. ಸಂದೇಶವಾಗಲಿ ಚಿತ್ರವಾಗಲಿ ರಸೀದಿಯಲ್ಲ. ನಿಮ್ಮ ಖಾತೆಯ ಬಾಕಿಯನ್ನು ನೀವೇ ನೋಡಿ, ಇಲ್ಲವೇ ಪಾಸ್ ಪುಸ್ತಕ ತುಂಬಿಸಿ. ಚೆಕ್ಕಿನ ವಿಷಯದಲ್ಲೂ ಅದು ಪಾಸಾಗಿ ಹಣ ತೆಗೆಯುವಂತಾದ ಮೇಲೆಯೇ ಬೀಗದ ಕೈ ಕೊಡತಕ್ಕದ್ದು.

ನಡುವೆ ನಿಂತವನು

ಈ ಮೋಸ ಹೆಚ್ಚು ಜಾಣತನದ್ದು. ನೀವು ಮೂರು ಲಕ್ಷಕ್ಕೆ ಹಾಕಿದ ಜಾಹೀರಾತಿನ ಚಿತ್ರಗಳನ್ನೇ ತೆಗೆದುಕೊಂಡು ವಂಚಕನು ಎರಡು ಲಕ್ಷಕ್ಕೆಂದು ಬೇರೆ ಜಾಹೀರಾತು ಹಾಕುತ್ತಾನೆ. ಅದನ್ನು ಕಂಡು ಬಂದ ನಿಜವಾದ ಗಿರಾಕಿಗೆ, "ಗಾಡಿ ನನ್ನ ಭಾವನದು, ಹೋಗಿ ನೋಡಿ, ದರದ ಮಾತು ಅವರೊಡನೆ ಬೇಡ" ಎನ್ನುತ್ತಾನೆ. ನಿಮಗೆ, "ಬರುವವನು ನನ್ನ ತಮ್ಮ, ಹಣ ನಾನು ಕೊಡುತ್ತೇನೆ, ಅವನೊಡನೆ ದರ ಮಾತನಾಡಬೇಡಿ" ಎನ್ನುತ್ತಾನೆ. ಗಿರಾಕಿ ಗಾಡಿ ಮೆಚ್ಚಿ ವಂಚಕನ ಖಾತೆಗೆ ಹಣ ಕಟ್ಟುತ್ತಾನೆ, ನಿಮ್ಮಲ್ಲಿ ಗಾಡಿ ಕೇಳುತ್ತಾನೆ. ಇಬ್ಬರು ಸಾಚಾ ಮನುಷ್ಯರು ಅಂಗಳದಲ್ಲಿ ಜಗಳಕ್ಕೆ ನಿಲ್ಲುತ್ತಾರೆ, ಹಣ ಪಡೆದವನು ಮೊಬೈಲ್ ಮುಚ್ಚಿರುತ್ತಾನೆ. ಇದಕ್ಕೆ ಮದ್ದು ಸುಲಭ: ಎದುರಿಗೆ ನಿಂತವನೊಡನೆ ದರವನ್ನು ಬಾಯಿಬಿಟ್ಟು ಮಾತನಾಡಿ. ದರ ಮಾತನಾಡಬೇಡಿ ಎಂಬ ಷರತ್ತೇ ಮೋಸದ ಗುರುತು.

ಆರ್.ಸಿ., ಆಧಾರ್ ಚಿತ್ರಗಳನ್ನು ಕರೆ ಮಾಡಿದವರಿಗೆಲ್ಲ ಕಳಿಸಬೇಡಿರೆಂದು ಹೇಳುವುದೂ ಇದಕ್ಕಾಗಿಯೇ. ಅವುಗಳನ್ನು ಮುಂದೆ ಹಿಡಿದು ಅವನು ನಿಮ್ಮ ಹೆಸರಿನಲ್ಲಿ ಇನ್ನೊಬ್ಬರಿಗೆ ಟೋಪಿ ಹಾಕುತ್ತಾನೆ. ಮೂಲ ಕಾಗದಗಳನ್ನು ಗಾಡಿ ನೋಡಲು ಬಂದವನಿಗೆ ಎದುರಿನಲ್ಲೇ ತೋರಿಸಿ. ಕೊಡಲೇಬೇಕಾದಲ್ಲಿ ಮೊದಲ ಎಂಟು ಅಂಕಿ ಮರೆಮಾಡಿದ ಆಧಾರ್ ಪ್ರತಿ ಸಿಗುತ್ತದೆ, ಅದನ್ನು ಕೊಡಿ. ಗಾಡಿ ಓಡಿಸಿ ನೋಡುವೆನೆಂದರೆ ಅವನ ಲೈಸೆನ್ಸ್ ನೋಡಿ, ನೀವೂ ಜೊತೆಗೆ ಕುಳಿತುಕೊಳ್ಳಿ.

ಹಣ ಯಾರ ಖಾತೆಯಿಂದ?

ಹಣ ಬಂದರೆ ಸಾಲದು, ಸರಿಯಾದ ಖಾತೆಯಿಂದ ಬರಬೇಕು. ಬೇರೆ ಯಾರಿಂದಲೋ ದೋಚಿದ ಹಣವನ್ನು ನಿಮಗೆ ಹಾಕಿಸಿ ಗಾಡಿ ಒಯ್ದರೆ, ತನಿಖೆಯ ವೇಳೆ ನಿಮ್ಮ ಖಾತೆಗೂ ತಡೆ ಬೀಳಬಹುದು. ಕೂಲಿ ಬಟವಾಡೆಯ ದಿನ ಖಾತೆ ನಿಂತರೆ ಆಗುವ ಪಾಡನ್ನು ತೋಟಗಾರರಿಗೆ ಹೇಳಬೇಕಿಲ್ಲ. ಆದ್ದರಿಂದ ಯಾರ ಹೆಸರಿಗೆ ಗಾಡಿ ವರ್ಗವಾಗುತ್ತದೆಯೋ ಅವರ ಸ್ವಂತ ಖಾತೆಯಿಂದಲೇ ಹಣ ಪಡೆಯಿರಿ. ಎರಡು ಲಕ್ಷ ಮತ್ತು ಮೇಲ್ಪಟ್ಟ ಮೊತ್ತಕ್ಕೆ ಆರ್‌ಟಿಜಿಎಸ್ ಉತ್ತಮ. 2020ರ ಡಿಸೆಂಬರ್‌ನಿಂದ ಅದು ಹಗಲಿರುಳೂ ನಡೆಯುತ್ತದೆ. ಅಷ್ಟು ಮೊತ್ತವನ್ನು ಒಂದೇ ವ್ಯವಹಾರಕ್ಕೆ ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು 2017ರ ಏಪ್ರಿಲ್‌ನಿಂದ ನಿಷೇಧಿಸಿದೆ. ತಪ್ಪಿದರೆ ಪಡೆದಷ್ಟೇ ದಂಡ.

ಗಾಡಿ ಹೋಯಿತು, ಹೊಣೆ ಉಳಿಯಿತು

ಹಣ ಪೂರ್ತಿ ಕೊಟ್ಟರೂ ಹೆಸರು ಬದಲಾಯಿಸಿಕೊಳ್ಳದ ಗಿರಾಕಿಯೂ ಅಪಾಯಕಾರಿಯೇ. ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ನಡುವಣ ಮೊಕದ್ದಮೆಯಲ್ಲಿ ಗಾಡಿ 2007ರಲ್ಲೇ ಮಾರಾಟವಾಗಿ ಕೈಯಿಂದ ಕೈಗೆ ಹೋಗಿತ್ತು, ಅಪಘಾತವಾದದ್ದು 2009ರಲ್ಲಿ. ಆದರೂ ಪರಿಹಾರದ ಹೊಣೆ ಸಾರಿಗೆ ದಾಖಲೆಯಲ್ಲಿ ಹೆಸರಿದ್ದ ಮೊದಲ ಮಾಲೀಕನದೇ ಎಂದು ಸುಪ್ರೀಂ ಕೋರ್ಟು 2018ರ ಫೆಬ್ರವರಿ 6ರಂದು ತೀರ್ಪಿತ್ತಿತು. ಒಂದು ಅಪಘಾತದ ಪರಿಹಾರಕ್ಕೆ ತೋಟವನ್ನೇ ಅಡವಿಡಬೇಕಾದೀತು.

1988ರ ಮೋಟಾರು ವಾಹನ ಕಾಯಿದೆಯ 50ನೆಯ ಕಲಮಿನಂತೆ, ರಾಜ್ಯದೊಳಗೆ ಮಾರಿದವನು 14 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸತಕ್ಕದ್ದು. 29 ಮತ್ತು 30ನೆಯ ನಮೂನೆಗಳಿಗೆ ಖಾಲಿ ಸಹಿ ಹಾಕಿಕೊಟ್ಟು ಕೈ ತೊಳೆದುಕೊಳ್ಳಬಾರದು. ಕೊಳ್ಳುವವನ ಹೆಸರು, ವಿಳಾಸ, ದಿನಾಂಕ ತುಂಬಿಸಿ, ನೀವೇ ಆರ್‌ಟಿಒ ಕಛೇರಿಗೆ ಹೋಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ಹೊರರಾಜ್ಯದವನಾದರೆ ನಿರಾಕ್ಷೇಪಣಾ ಪತ್ರ ಬೇಕು. ಗಾಡಿಯ ಮೇಲೆ ಸಾಲವಿದ್ದರೆ ಮೊದಲು ಅದನ್ನು ತೀರಿಸಿ ಆರ್.ಸಿ.ಯಿಂದ ತೆಗೆಸಿ. ಗಾಡಿ ಒಪ್ಪಿಸಿದ ದಿನಾಂಕದ ಜೊತೆಗೆ ಗಂಟೆಯನ್ನೂ ಬರೆದು ಇಬ್ಬರೂ ಸಹಿ ಹಾಕಿದ ಚೀಟಿ ಇಟ್ಟುಕೊಳ್ಳಿ. ಫಾಸ್ಟ್ಯಾಗ್ ಮುಚ್ಚಿಸುವುದನ್ನು ಮರೆಯಬೇಡಿ.

ಮೋಸವಾದದ್ದು ತಿಳಿದರೆ

ನಾಚಿಕೆಯಿಂದ ಸುಮ್ಮನಿರುವುದೇ ವಂಚಕನಿಗೆ ನಾವು ಮಾಡುವ ದೊಡ್ಡ ಉಪಕಾರ. ಕೂಡಲೇ 1930 ಸಂಖ್ಯೆಗೆ ಕರೆ ಮಾಡಿ. ಹೋದ ಹಣ ಇನ್ನೊಂದು ಖಾತೆಯಲ್ಲಿ ಉಳಿದಿದ್ದರೆ ಅಲ್ಲಿಯೇ ತಡೆಯುವ ಏರ್ಪಾಡು ಇದರಲ್ಲಿದೆ. ಹಣ ಕೈಯಿಂದ ಕೈಗೆ ಸರಿಯುವುದು ನಿಮಿಷಗಳ ಲೆಕ್ಕದಲ್ಲಿ, ಆದ್ದರಿಂದ ನಾಳೆ ಎನ್ನಬಾರದು. ನಿಮ್ಮ ಬ್ಯಾಂಕಿಗೂ ತಿಳಿಸಿ, ಸೈಬರ್ ಪೊಲೀಸ್ ಠಾಣೆಗೆ ಲಿಖಿತ ದೂರು ಕೊಡಿ. ಸಂದೇಶಗಳನ್ನು ಅಳಿಸಬೇಡಿ, ಅವೇ ಸಾಕ್ಷಿ.

ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಹೇಳಿದ್ದಾರೆ. ನಮ್ಮನ್ನು ಆತುರಪಡಿಸುವುದೇ ವಂಚಕನ ಕೆಲಸ. ಒಂದು ರಾತ್ರಿ ಕಾಯಲಾರದ ಗಿರಾಕಿಯನ್ನು ಬಿಟ್ಟುಬಿಡಿ, ಗಾಡಿ ಇನ್ನೂ ಒಂದು ವಾರ ಕೊಟ್ಟಿಗೆಯ ಪಕ್ಕದಲ್ಲಿ ನಿಂತರೆ ನಷ್ಟವೇನಿಲ್ಲ. ಅನುಮಾನ ಬಂದಲ್ಲಿ ಮೊಬೈಲನ್ನು ಹಾಗೆಯೇ ತೆಗೆದುಕೊಂಡು ಸಂಘದ ಕಛೇರಿಗೆ ಬನ್ನಿ, ಕೂತು ನೋಡೋಣ. ಈ ಲೇಖನವನ್ನು ಮನೆಯಲ್ಲಿ ಮೊಬೈಲ್ ಹಿಡಿಯುವ ಮಕ್ಕಳಿಗೂ, ಕರೆಗೆ ಓಗೊಡುವ ಹಿರಿಯರಿಗೂ ಓದಿ ಹೇಳಬೇಕಾಗಿ ವಿನಂತಿ.

— ಕಾರ್ಯದರ್ಶಿ