ಚಕಮಕಿ ಪಿಸ್ತೂಲಿಗೆ ಎಂತಹ ಮದ್ದು?

ಮದ್ದು ಎಂಬ ಶಬ್ದಕ್ಕೆ ನಮ್ಮ ನುಡಿಯಲ್ಲಿ ಔಷಧವೆಂದೂ ಅರ್ಥ, ಕೋವಿಗೆ ತುಂಬುವ ಕರಿಯ ಮದ್ದೆಂದೂ ಅರ್ಥ. ಅದನ್ನು ಮೊದಲು ಕಂಡುಹಿಡಿದ ಚೀನೀಯರೂ ‘ಬೆಂಕಿಯ ಔಷಧ’ವೆಂದೇ ಕರೆದರು. ಪೆಟ್ಲುಪ್ಪು, ಇದ್ದಿಲು, ಗಂಧಕ ಈ ಮೂರೇ ಅದರ ದ್ರವ್ಯಗಳೆಂದು ನಾವು ಓದಿರುವೆವು. ಆದರೆ ಅದೇ ಮಿಶ್ರಣವು ಕಾಳಿನ ಗಾತ್ರ ಬದಲಾದೊಡನೆ ಬೇರೊಂದು ವಸ್ತುವಿನಂತೆ ವರ್ತಿಸುವುದೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಇದನ್ನರಿಯಲು ಹಳೆಯ ಚಕಮಕಿ ಪಿಸ್ತೂಲೊಂದನ್ನು ನೋಡೋಣ.

17ನೆಯ ಶತಮಾನದಿಂದ 19ನೆಯ ಶತಮಾನದ ಮೊದಲ ಭಾಗದವರೆಗೆ ಯುರೋಪಿನ ಸವಾರರೂ ನಾವಿಕರೂ ಇದನ್ನು ಬಳಸಿದರು. ಕೀಲನ್ನು ಎಳೆದೊಡನೆ, ಚಕಮಕಿ ಕಲ್ಲನ್ನು ಕಚ್ಚಿಕೊಂಡಿರುವ ಸುತ್ತಿಗೆಯು ಎರಗಿ ಉಕ್ಕಿನ ಫಲಕವನ್ನು ಉಜ್ಜುತ್ತದೆ. ಕಿಡಿಗಳು ಕೆಳಗಿನ ಪುಟ್ಟ ತಟ್ಟೆಯಲ್ಲಿರುವ ಚಿಟಿಕೆ ಮದ್ದಿನ ಮೇಲೆ ಬೀಳುತ್ತವೆ. ಆ ಜ್ವಾಲೆಯು ನಳಿಗೆಯ ಪಕ್ಕದ ಸಣ್ಣ ರಂಧ್ರದಿಂದ ಒಳಹೊಕ್ಕು ದೊಡ್ಡ ಮದ್ದಿಗೆ ತಗಲುತ್ತದೆ. ಮರಳಿ ತುಂಬುವಷ್ಟರಲ್ಲಿ ಶತ್ರುವು ಮೈಮೇಲೆ ಬಂದಿರುವನು. ಆದುದರಿಂದ ಆ ಒಂದು ಗುಂಡು ಹುಸಿಯಾಗಬಾರದು.

ಮದ್ದಿನ ಕಾಳು ಹೊರಮೈಯಿಂದ ಒಳಕ್ಕೆ ಉರಿಯುತ್ತದೆ. ಒಂದು ಸೆಂಟಿಮೀಟರಿನ ಘನಕ್ಕೆ 6 ಚದರ ಸೆಂಟಿಮೀಟರು ಹೊರಮೈ. ಅದನ್ನೇ ಒಂದು ಮಿಲಿಮೀಟರಿನ ಸಾವಿರ ಘನಗಳನ್ನಾಗಿ ಕತ್ತರಿಸಿದರೆ ಹೊರಮೈ 60 ಚದರ ಸೆಂಟಿಮೀಟರಾಗುತ್ತದೆ. ತೂಕ ಅಷ್ಟೇ, ಉರಿಯುವ ಮೈ ಹತ್ತುಪಟ್ಟು. ಹಾಗಾದರೆ ಹಿಟ್ಟಿನಂತೆ ಅರೆದುಬಿಟ್ಟರೆ ಇನ್ನೂ ಒಳ್ಳೆಯದಲ್ಲವೇ ಎಂದು ನಾವು ಕೇಳಬಹುದು. ಇಲ್ಲಿಯೇ ಸ್ವಾರಸ್ಯವಿರುವುದು. ಹಿಂದೆ ನಮ್ಮ ಮನೆಗಳಲ್ಲಿದ್ದ ಹೊಟ್ಟಿನ ಒಲೆಯನ್ನು ನೆನೆಯಿರಿ. ಮರದ ಹೊಟ್ಟನ್ನು ಗಟ್ಟಿಯಾಗಿ ತುಂಬಿದರೆ ಅದು ಭುಗಿಲೆನ್ನದೆ ಮೆಲ್ಲಮೆಲ್ಲನೆ ಉರಿಯುತ್ತಿತ್ತು. ಸೌದೆಗೆ ಹೊರಗಿನ ಗಾಳಿ ಬೇಕು; ಮದ್ದಿಗಾದರೋ ಬೇಕಾದ ಪ್ರಾಣವಾಯು ಪೆಟ್ಲುಪ್ಪಿನಲ್ಲಿಯೇ ಅಡಗಿದೆ. ಆದರೂ ಜ್ವಾಲೆಯು ಕಾಳಿನಿಂದ ಕಾಳಿಗೆ ಹಾರಲು ನಡುವೆ ಸಂದು ಬೇಕು. ಅಡಕಿದ ಹಿಟ್ಟಿನಲ್ಲಿ ಸಂದೇ ಇಲ್ಲ.

ಮೊದಮೊದಲ ಫಿರಂಗಿಗಳಲ್ಲಿ ತುಂಬುತ್ತಿದ್ದುದು ಇಂತಹ ಹಿಟ್ಟನ್ನೇ. 15ನೆಯ ಶತಮಾನದಲ್ಲಿ ಯುರೋಪಿನವರು ಅದನ್ನು ನೆನೆಸಿ, ಗಟ್ಟಿಮಾಡಿ, ಒಡೆದು, ಜರಡಿಹಿಡಿದು ಕಾಳುಮಾಡುವುದನ್ನು ಕಲಿತರು. ಕಾಳಿಗೆ ತೇವವೂ ಬೇಗ ಹತ್ತದು. ತೇವವೇ ಮದ್ದಿನ ಶತ್ರು. ಟಿಪ್ಪುವಿನ ಕಾಲದ ದಪ್ಪಗೋಡೆಯ ಮದ್ದಿನ ಮನೆಗಳನ್ನು ಶ್ರೀರಂಗಪಟ್ಟಣದಲ್ಲಿ ಇಂದಿಗೂ ಕಾಣಬಹುದು. ಜೋಡಿ ರೈಲುಹಳಿಗಾಗಿ 2017ರಲ್ಲಿ ಅವುಗಳಲ್ಲೊಂದನ್ನು ಕೆಡವದೆ ಇಡಿಯಾಗಿಯೇ ಸರಿಸಿ ನಿಲ್ಲಿಸಿದರು.

ಇನ್ನು ಕಾಳಿನ ಆಯ್ಕೆ. ಬ್ರಿಟಿಷ್ ಸೈನ್ಯದ ‘ನ್ಯೂ ಲ್ಯಾಂಡ್’ ಪಿಸ್ತೂಲಿನ ನಳಿಗೆ 9 ಅಂಗುಲ. ಈಸ್ಟ್ ಇಂಡಿಯಾ ಕಂಪನಿಗಾಗಿ ರೂಪುಗೊಂಡ ‘ಇಂಡಿಯಾ ಪ್ಯಾಟರ್ನ್’ ಕೋವಿಯ ನಳಿಗೆ 39 ಅಂಗುಲ. ಉದ್ದ ನಳಿಗೆಯಲ್ಲಿ ದಪ್ಪ ಕಾಳು ಉರಿಯಲು ಸಮಯವುಂಟು. ಗಿಡ್ಡ ನಳಿಗೆಯಲ್ಲಿ ಅದು ಪೂರ್ತಿ ಉರಿಯುವ ಮುನ್ನವೇ ಗುಂಡು ಹೊರಬಿದ್ದಿರುತ್ತದೆ. ಉಳಿದ ಮದ್ದು ಬಾಯಿಯಲ್ಲಿ ಬೆಂಕಿಯುಗುಳಿ ವ್ಯರ್ಥವಾಗುತ್ತದೆ. ಅಮೆರಿಕದ ಕ್ರಮದಲ್ಲಿ ಕಾಳಿನ ದರ್ಜೆಯನ್ನು ‘ಎಫ್’ ಅಕ್ಷರಗಳಿಂದ ಸೂಚಿಸುವರು. ಎಫ್ ಹೆಚ್ಚಿದಷ್ಟೂ ಕಾಳು ಸಣ್ಣದು. ದೊಡ್ಡ ಕೋವಿಗೆ ಎರಡು ಎಫ್, ಪಿಸ್ತೂಲಿಗೆ ಮೂರು ಎಫ್ ಎಂಬುದು ರೂಢಿ. ಮೂರು ಎಫ್ ಕಾಳು ಸುಮಾರು 0.3ರಿಂದ 0.84 ಮಿಲಿಮೀಟರು. ಅಗಲ ಬಾಯಿಯ ಪಿಸ್ತೂಲಿಗೆ ಎರಡು ಎಫ್ ಹಾಕುವವರೂ ಉಂಟು.

ಸಣ್ಣ ಕಾಳೇ ಎಲ್ಲೆಡೆ ಮೇಲೆಂದು ತಿಳಿಯಬಾರದು. ದೊಡ್ಡ ಫಿರಂಗಿಯಲ್ಲಿ ಭಾರವಾದ ಗುಂಡು ಕದಲುವ ಮೊದಲೇ ಸಣ್ಣ ಕಾಳೆಲ್ಲ ಉರಿದುಹೋದರೆ ಒಳಗಿನ ಒತ್ತಡವು ಮಿತಿಮೀರಿ ಫಿರಂಗಿಯೇ ಸಿಡಿದೀತು. ಅಮೆರಿಕದ ಥಾಮಸ್ ರಾಡ್‌ಮನ್ ಎಂಬ ಅಧಿಕಾರಿಯು ಆ ಒತ್ತಡವನ್ನು ಅಳೆದು ನೋಡಿ, 15 ಅಂಗುಲ ಬಾಯಿಯ ತನ್ನ ಫಿರಂಗಿಗಾಗಿ 1860ರ ಸುಮಾರಿಗೆ ಅರ್ಧ ಅಂಗುಲಕ್ಕೂ ಮಿಗಿಲಾದ ಕಾಳನ್ನು ಮಾಡಿಸಿದನು. ಅದಕ್ಕೆ ಬಿದ್ದ ಹೆಸರು ‘ಮ್ಯಾಮತ್’, ಎಂದರೆ ಮಹಾಗಜ!

ಪಿಸ್ತೂಲಿನ ತಟ್ಟೆಗೆ ಮಾತ್ರ ನಾಲ್ಕು ಎಫ್. ಅಲ್ಲಿ ಬಲ ಬೇಡ, ಕಿಡಿ ತಗಲಿದೊಡನೆ ಹೊತ್ತಿಕೊಂಡರೆ ಸಾಕು. ಈ ಹೊತ್ತಿಸುವ ಮದ್ದಿಗೆ ರಂಜಕವೆಂದು ಹೆಸರು. ರಂಧ್ರದೊಳಕ್ಕೂ ರಂಜಕವನ್ನು ತುರುಕಿದರೆ ಬೇಗ ಹೊತ್ತೀತೆಂದು ತೋರುತ್ತದೆ. ಆದರೆ ಆಗ ಅದು ಬತ್ತಿಯಂತೆ ಕ್ರಮವಾಗಿ ಉರಿದು ತಡಮಾಡುತ್ತದೆ. ತೆರೆದ ರಂಧ್ರದಲ್ಲಿ ಜ್ವಾಲೆ ಒಮ್ಮೆಲೇ ಒಳಕ್ಕೆ ನೆಗೆಯುತ್ತದೆ. ಕೆಲವೊಮ್ಮೆ ತಟ್ಟೆಯಲ್ಲಿ ಮಿಂಚು ಮಿಂಚಿ, ಒಳಗಿನ ಮದ್ದು ಸುಮ್ಮನಿರುವುದೂ ಉಂಟು. ಕ್ಷಣಕಾಲ ಬೆಳಗಿ ಆರಿದವರನ್ನು ಇಂಗ್ಲಿಷರು ‘ತಟ್ಟೆಯೊಳಗಿನ ಮಿಂಚು’ ಎನ್ನುವುದು ಇದರಿಂದಲೇ ಎನ್ನುವರು.

ಇಷ್ಟೆಲ್ಲ ನಾಜೂಕು ಬಿಡುವಿದ್ದವರಿಗೆ ಮಾತ್ರ. ಕಾಳಗದ ಸಿಪಾಯಿಗೆ ಕೊಟ್ಟದ್ದು ಒಂದೇ ಬಗೆಯ ಮದ್ದು. ಅವನು ಕಾಗದದ ತೋಟೆಯನ್ನು ಹಲ್ಲಿನಿಂದ ಹರಿದು, ಅದರಲ್ಲಿ ಚಿಟಿಕೆಯಷ್ಟನ್ನು ತಟ್ಟೆಗೆ ಸುರಿದು, ಉಳಿದುದನ್ನು ನಳಿಗೆಗೆ ತುಂಬುತ್ತಿದ್ದನು.