ಡಿಸ್ಕ್ ಕಳಚಿ ಬೀರುವಿನಲ್ಲಿಡು

ತಮ್ಮಾ, ಡಿಟಿಪಿ ಅಂಗಡಿಗೆ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ತಂದು, ಇಡೀ ಕಂಪ್ಯೂಟರಿನ ಇಮೇಜ್ ತೆಗೆದಿಟ್ಟೆ ಎಂದು ನಿಮ್ಮಮ್ಮ ಹೇಳಿದಳು. ಒಳ್ಳೆಯ ಕೆಲಸ. ನಿಮ್ಮಂಥ ಅಂಗಡಿಗೆ ಬರೀ ಫೈಲ್ ಕಾಪಿ ಸಾಲದು. ಹಳೆಯ ಪೇಜ್‌ಮೇಕರ್, ಶ್ರೀಲಿಪಿ, ನುಡಿ, ಅವುಗಳ ಫಾಂಟು, ಪ್ರಿಂಟರ್ ಡ್ರೈವರ್ ಎಲ್ಲವನ್ನೂ ಮೊದಲಿನಿಂದ ಹಾಕಿ ಹೊಂದಿಸುವಷ್ಟರಲ್ಲಿ ಮದುವೆ ಸೀಸನ್ನೇ ಮುಗಿದುಹೋಗುತ್ತದೆ. ಇಮೇಜ್ ಇದ್ದರೆ ವಿಂಡೋಸ್ ಸಮೇತ ಎಲ್ಲವೂ ಇದ್ದ ಹಾಗೇ ವಾಪಸು ಬರುತ್ತದೆ.

ಆದರೆ ಆ ಡಿಸ್ಕು ಹಗಲೂ ರಾತ್ರಿ ಸಿಪಿಯುಗೆ ಅಂಟಿಕೊಂಡೇ ಇರುತ್ತದಂತೆ. ಅದು ಬೇಡ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ರಾನ್ಸಮ್‌ವೇರ್ ಹರಡಿದಾಗ, ಅದು ಕಂಪ್ಯೂಟರಿನ ಒಳಗಿನ ಫೈಲುಗಳಿಗಷ್ಟೇ ಬೀಗ ಜಡಿಯಲಿಲ್ಲ, ಹೊರಗೆ ಸಿಕ್ಕಿಸಿದ್ದ ಡ್ರೈವ್‌ಗಳಿಗೂ ಕೈ ಹಾಕಿತು. ಇಮೇಜ್ ಫೈಲನ್ನು ಬೇರೆ ಪ್ರೋಗ್ರಾಂಗಳು ಮುಟ್ಟದಂತೆ ಕಾಯುವ ಸಾಫ್ಟ್‌ವೇರ್‌ಗಳಿವೆ, ನಿಜ. ಕಳಚಿಟ್ಟ ಕೇಬಲ್ಲಿನಷ್ಟು ನಂಬಿಕೆ ನನಗೆ ಅವುಗಳ ಮೇಲಿಲ್ಲ. ಬ್ಯಾಕಪ್ ಮುಗಿಯಿತೋ, ಇಜೆಕ್ಟ್ ಕೊಡು, ಒಳಗಿನ ತಟ್ಟೆ ತಿರುಗುವುದು ನಿಲ್ಲಲಿ, ಆಮೇಲೆ ಎತ್ತು. ತಿರುಗುತ್ತಿರುವಾಗ ಮೇಜಿನಿಂದ ಬಿದ್ದ ಡಿಸ್ಕ್ ಬದುಕುವುದು ಅಪರೂಪ. ಎಸ್ಎಸ್‌ಡಿ ಬಿದ್ದರೂ ತಡೆದೀತು, ಆದರೆ ಕರೆಂಟಿಲ್ಲದೆ ವರ್ಷಗಟ್ಟಲೆ ಮೂಲೆಯಲ್ಲಿಟ್ಟರೆ ಅದರಲ್ಲಿರುವುದು ಅಳಿಸಿಹೋಗಬಹುದು.

ಇನ್ನು ಕೆಲವರು ಇಮೇಜನ್ನು ಡಿ ಡ್ರೈವ್‌ನಲ್ಲಿ ಇಟ್ಟು ನಿಶ್ಚಿಂತೆಯಿಂದ ಇರುತ್ತಾರೆ. ನಮ್ಮ ಬಹುಪಾಲು ಅಂಗಡಿಗಳಲ್ಲಿ ಸಿ, ಡಿ ಎರಡೂ ಒಂದೇ ಡಿಸ್ಕಿನ ಎರಡು ಭಾಗ. ಡಿಸ್ಕ್ ಹೋದರೆ ಎರಡೂ ಒಟ್ಟಿಗೇ ಹೋಗುತ್ತವೆ.

ಜಾಗ ತುಂಬಿತೆಂದು ಇಮೇಜ್ ಫೈಲುಗಳನ್ನು ಕೈಯಾರೆ ಅಳಿಸಬೇಡ. ಭಾನುವಾರ ಫುಲ್ ತೆಗೆದು, ಉಳಿದ ದಿನ ಇನ್‌ಕ್ರಿಮೆಂಟಲ್ ತೆಗೆಯುತ್ತೀಯ ಅನ್ನು. ಒಂದೊಂದು ದಿನದ ಫೈಲಿನಲ್ಲೂ ಹಿಂದಿನ ದಿನದಿಂದ ಬದಲಾದದ್ದು ಮಾತ್ರ ಇರುತ್ತದೆ. ಬುಧವಾರದ್ದನ್ನು ಅಳಿಸಿದೆಯೋ, ಗುರುವಾರ, ಶುಕ್ರವಾರ, ಶನಿವಾರದವೂ ಕೆಲಸಕ್ಕೆ ಬಾರವು. ಭಾನುವಾರದ್ದೇ ಹೋದರೆ ಇಡೀ ವಾರವೇ ಹೋಯಿತು. ಹಳೆಯದನ್ನು ತೆಗೆಯುವ ಕೆಲಸ ಆ ಸಾಫ್ಟ್‌ವೇರಿನದೇ, ಎಷ್ಟು ಉಳಿಸಬೇಕೆಂದು ಅದರಲ್ಲೇ ಹೇಳಿಡು.

‘ಸಕ್ಸೆಸ್‌ಫುಲ್’ ಎಂದು ಪರದೆ ಹೇಳಿದ ಮಾತ್ರಕ್ಕೆ ನಂಬಬೇಡ. ಗಿಟ್‌ಲ್ಯಾಬ್ ಎಂಬ ಕಂಪನಿಯಲ್ಲಿ 2017ರ ಜನವರಿ 31ರಂದು ಒಬ್ಬ ಎಂಜಿನಿಯರ್ ತಪ್ಪು ಸರ್ವರಿನಲ್ಲಿ ಡೇಟಾಬೇಸ್ ಅಳಿಸಿಬಿಟ್ಟ. ಬ್ಯಾಕಪ್ಪಿಗೆಂದು ಹಲವು ಏರ್ಪಾಡುಗಳಿದ್ದವು. ನೋಡಿದರೆ, ದಿನವೂ ನಡೆಯಬೇಕಾಗಿದ್ದ ಬ್ಯಾಕಪ್ ಸದ್ದಿಲ್ಲದೆ ಕೈಕೊಟ್ಟಿತ್ತು, ಅದು ಕೈಕೊಟ್ಟಿದೆ ಎಂದು ತಿಳಿಸುವ ಇಮೇಲ್‌ಗಳೂ ಯಾರಿಗೂ ತಲುಪಿರಲಿಲ್ಲ. ಬೇರೆ ಕೆಲಸಕ್ಕೆಂದು ಆರು ಗಂಟೆ ಮೊದಲು ತೆಗೆದಿದ್ದ ಒಂದು ಪ್ರತಿ ಅವರನ್ನು ಉಳಿಸಿತು. ಅಂಥವರಿಗೇ ಹಾಗಾದರೆ ನಿನ್ನ ಗತಿ?

ಆದ್ದರಿಂದ ತಿಂಗಳಿಗೊಮ್ಮೆ ವೆರಿಫೈ ಓಡಿಸು. ಇಮೇಜನ್ನು ಡ್ರೈವ್‌ನಂತೆ ಮೌಂಟ್ ಮಾಡಿ, ಯಾವುದಾದರೂ ಒಂದು ಲಗ್ನಪತ್ರಿಕೆಯ ಫೈಲನ್ನು ತೆರೆದು ನೋಡು. ರೆಸ್ಕ್ಯೂ ಪೆನ್‌ಡ್ರೈವ್ ಈಗಲೇ ಮಾಡಿಟ್ಟುಕೋ, ವಿಂಡೋಸ್ ಏಳದೇ ಇರುವ ದಿನ ಅದೇ ಕಂಪ್ಯೂಟರಿನಲ್ಲಿ ಮಾಡಲಾಗದು. ಇಮೇಜ್ ತೆಗೆಯುವ ಸಾಫ್ಟ್‌ವೇರ್‌ಗಳೂ ನಿಂತುಹೋಗುವುದುಂಟು, ಮ್ಯಾಕ್ರಿಯಂ ರಿಫ್ಲೆಕ್ಟ್‌ನ ಉಚಿತ ಆವೃತ್ತಿ ನಿಂತೇ ಹೋಗಿದೆ. ಒಂದು ಸಾಫ್ಟ್‌ವೇರ್ ತೆಗೆದ ಇಮೇಜನ್ನು ಸಾಮಾನ್ಯವಾಗಿ ಇನ್ನೊಂದು ತೆರೆಯದು. ಹಾಗಾಗಿ ನೀನು ಬಳಸುವ ಸಾಫ್ಟ್‌ವೇರಿನ ಇನ್‌ಸ್ಟಾಲರ್ ಕೂಡ ಇಮೇಜ್ ಇರುವ ಡಿಸ್ಕಿನಲ್ಲೇ ಇರಲಿ. ಪೂರ್ತಿ ರಿಸ್ಟೋರ್ ಮಾಡಿ ಪರೀಕ್ಷಿಸಬೇಕೆಂದರೆ ಖಾಲಿ ಡಿಸ್ಕ್ ಹಾಕಿಕೊಂಡೇ ಮಾಡು. ಗುರಿಯ ಡಿಸ್ಕ್ ಆರಿಸುವಾಗ ಹೆಸರು, ಗಾತ್ರ ಎರಡನ್ನೂ ಓದು, ಅವಸರದಲ್ಲಿ ತಪ್ಪು ಡಿಸ್ಕನ್ನು ಒತ್ತಿದರೆ ಅದರಲ್ಲಿರುವುದೆಲ್ಲ ಅಳಿಯುತ್ತದೆ.

ನಿನ್ನ ಇಮೇಜಿನೊಳಗೆ ಗಿರಾಕಿಗಳ ಆಧಾರ್, ಪಹಣಿ, ಮಾರ್ಕ್ಸ್‌ಕಾರ್ಡ್ ಸ್ಕ್ಯಾನುಗಳೂ ಇವೆ ಎಂಬುದು ನೆನಪಿರಲಿ. ಡಿಸ್ಕ್ ಬಸ್ಸಿನಲ್ಲಿ ಬಿಟ್ಟುಹೋದರೆ ಸಿಕ್ಕವನು ಅವನ್ನೆಲ್ಲ ನೋಡಬಹುದು. ಪಾಸ್‌ವರ್ಡ್ ಹಾಕಿ ಎನ್‌ಕ್ರಿಪ್ಟ್ ಮಾಡು. ಬಿಟ್‌ಲಾಕರ್ ಬಳಸಿದರೆ ಅದು ಕೊಡುವ 48 ಅಂಕಿಗಳ ರಿಕವರಿ ಕೀಯನ್ನು ಕಾಗದಕ್ಕೆ ಇಳಿಸಿ ಮನೆಯ ಪತ್ರಗಳ ಜೊತೆ ಇಡು, ಅದೇ ಕಂಪ್ಯೂಟರಿನಲ್ಲಿ ಬೇಡ.

ಇನ್ನೊಂದು ಡಿಸ್ಕ್ ಕೊಳ್ಳು. ದುಡ್ಡಿಲ್ಲ ಎಂದರೆ ನಾನು ಕೊಡುತ್ತೇನೆ. ಒಂದು ಅಂಗಡಿಯ ಬೀರುವಿನಲ್ಲಿರಲಿ, ಇನ್ನೊಂದು ಮನೆಯಲ್ಲಿ. ವಾರ ಬಿಟ್ಟು ವಾರ ಅದಲುಬದಲು ಮಾಡು, ಮೇಲೆ ತಾರೀಕಿನ ಚೀಟಿ ಅಂಟಿಸು. ಈ ಭಾನುವಾರ ಅಂಗಡಿ ಮುಚ್ಚಿದ ಮೇಲೆ ಮೊದಲನೆಯದನ್ನು ವೆರಿಫೈ ಮಾಡಿ, ಏನಾಯಿತೆಂದು ನನಗೊಂದು ಫೋನ್ ಮಾಡು.